ಮನೆಪಕ್ಕದ ಶೆಡ್ಡಿಗೆ ಬಿಸಿ: ಮಲೆನಾಡಿನ ಥಂಡಿಗೆ ತಕ್ಕ ಹೀಟರ್ ಆರಿಸುವ ಬಗೆ

ಪುಷ್ಯ ಮಳೆ ಹಿಡಿದು ವಾರ ಕಳೆದಿತ್ತು. ಬೆಳಿಗ್ಗೆ ಎದ್ದು ಕಾರಿನ ಶೆಡ್ಡಿನ ಶಟರ್ ಎತ್ತಿದರೆ ಒಳಗೂ ಹನಿಯುತ್ತಿತ್ತು. ಶೀಟು ಎಲ್ಲೂ ತೂತಾಗಿರಲಿಲ್ಲ. ತಲೆ ಎತ್ತಿ ನೋಡಿದೆ: ತಗಡಿನ ಒಳಮೈ ಪೂರ್ತಿ ಬೆವರಿ, ಒಂದೊಂದು ಸ್ಕ್ರೂವಿನ ತುದಿಯಲ್ಲೂ ಒಂದೊಂದು ಹನಿ ಜೋತುಬಿದ್ದಿತ್ತು. ಕೆಳಗೆ ಮರಗೆಲಸದ ಮೇಜಿನ ಮೇಲೆ ಬಿಟ್ಟಿದ್ದ ಉಳಿಯ ಅಲಗಿನಲ್ಲಿ, ಹನಿ ಬಿದ್ದಲ್ಲೆಲ್ಲ ಸಾಸಿವೆ ಕಾಳಿನಷ್ಟು ತುಕ್ಕು. ಹಿಂದಿನ ರಾತ್ರಿ ನಾನು ಅಲ್ಲೇ ಎರಡು ಗಂಟೆ ಗ್ಯಾಸ್ ಹೀಟರ್ ಹಚ್ಚಿಕೊಂಡು ಕೆಲಸ ಮಾಡಿದ್ದೆ. ಬಿಸಿ ಮಾಡಿದ್ದಕ್ಕೇ ಶೆಡ್ಡು ನೆನೆದಿತ್ತು.

ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಲೀಟರಿಗೂ ಮೀರಿದ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಹೊಗೆಕೊಳವೆ ಇಲ್ಲದ ಹೀಟರ್ ಆದರೆ ಅಷ್ಟೂ ನೀರು ಒಳಗೇ ಉಳಿಯುತ್ತದೆ. ಆ ರಾತ್ರಿ ನಾನು ಉರಿಸಿದ್ದು ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಅನಿಲ. ಅಂದರೆ ಒಂದು ಚೊಂಬು ತುಂಬ ನೀರನ್ನು ನಾನೇ ಕೈಯಾರೆ ಸೂರಿಗೆ ಎರಚಿದ ಹಾಗಾಯಿತು. ಈ ಲೆಕ್ಕ ಗೊತ್ತಾದ ಮೇಲೆ ನಮ್ಮ ಶೆಡ್ಡಿನ ವ್ಯವಸ್ಥೆಯನ್ನೆಲ್ಲ ಮೊದಲಿನಿಂದ ಯೋಚಿಸಿ ಮಾಡಿಕೊಂಡೆ. ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಆಲ್ದೂರು, ಆಚೆ ಸಕಲೇಶಪುರದ ಕಡೆ ಮನೆಯಿಂದ ಬೇರೆಯಾಗಿ ಕಾರಿಗೋ ಕೆಲಸಕ್ಕೋ ಒಂದು ಶೆಡ್ಡು ಕಟ್ಟಿಕೊಂಡು, "ಇದಕ್ಕೆ ಯಾವ ಹೀಟರ್ ಹಾಕಿಸಲಿ" ಎಂದು ಕೇಳುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದ್ದು: ಚಳಿಯೋ, ಥಂಡಿಯೋ?

ಅಂತರ್ಜಾಲದಲ್ಲಿ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ಅಮೆರಿಕ, ಕೆನಡಾದ ಹಿಮ ಬೀಳುವ ಊರುಗಳವು. ಅಲ್ಲಿ ಹೊರಗೆ ಸೊನ್ನೆಗಿಂತ ಕೆಳಗೆ ಇಳಿದಿರುತ್ತದೆ. 30,000 ಬಿಟಿಯು, ಅಂದರೆ ಸುಮಾರು 8,800 ವಾಟ್‌ನ ಹೀಟರ್ ಅಲ್ಲಿ ದೊಡ್ಡದಲ್ಲ. ನಮ್ಮಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ 12-14 ಡಿಗ್ರಿಗೆ ಇಳಿದರೆ ಅದೇ ಚಳಿ, ಹತ್ತು ಗಂಟೆಗೆ ಬಿಸಿಲು ಬಂದರೆ ಮುಗಿಯಿತು. ಶೆಡ್ಡಿನಲ್ಲಿರುವ ವಸ್ತುಗಳನ್ನು ಹಾಳುಮಾಡುವುದು ಜೂನ್‌ನಿಂದ ಸೆಪ್ಟೆಂಬರ್ ತನಕದ ಥಂಡಿ, ಅಂದರೆ ತೇವ. ಆರಿದ್ರಾ ಮಳೆಗೆ ಶುರುವಾದ ಮುಗ್ಗಲು ವಾಸನೆ ಗಣಪತಿ ಹಬ್ಬ ಬಂದರೂ ಹೋಗುವುದಿಲ್ಲ. ಆಗ ಹೊರಗೆ 20 ಡಿಗ್ರಿ ಇದ್ದರೂ ಗಾಳಿಯಲ್ಲಿ ತೇವ ಶೇಕಡಾ 90 ದಾಟಿರುತ್ತದೆ. ಕಬ್ಬಿಣಕ್ಕೆ ತುಕ್ಕು ಜೋರಾಗಿ ಹಿಡಿಯಲು ಶೇಕಡಾ 60ರ ಮೇಲಿನ ತೇವ ಸಾಕು. 70 ದಾಟಿದರೆ ಚರ್ಮ, ಬಟ್ಟೆ, ಮರದ ಮೇಲೆ ಬೂಷ್ಟು ಬರುತ್ತದೆ.

ಹಾಗಾಗಿ ಹೀಟರ್ ಅಂಗಡಿಗೆ ಹೋಗುವ ಮೊದಲು ತೇವ ಮತ್ತು ಉಷ್ಣತೆ ಎರಡನ್ನೂ ತೋರಿಸುವ ಒಂದು ಪುಟ್ಟ ಡಿಜಿಟಲ್ ಮೀಟರ್ ತಂದು ಮೇಜಿನ ಹತ್ತಿರ ತೂಗುಹಾಕಿ. ನಾಲ್ಕೈದು ದಿನ ಬೆಳಿಗ್ಗೆ ಸಂಜೆ ಬರೆದಿಡಿ. ಉಷ್ಣತೆ 18ರ ಮೇಲಿದ್ದು ತೇವ 85 ಇದ್ದರೆ ನಿಮ್ಮದು ಥಂಡಿಯ ಸಮಸ್ಯೆ. ತೇವ 60ರ ಒಳಗಿದ್ದು ಬೆಳಿಗ್ಗೆ ಕೈ ಮರಗಟ್ಟುತ್ತಿದ್ದರೆ ಚಳಿಯ ಸಮಸ್ಯೆ. ಕಡೂರು, ತರೀಕೆರೆ, ಅರಸೀಕೆರೆ ಕಡೆಯವರಿಗೆ ಸಾಮಾನ್ಯವಾಗಿ ಇದೇ. ಎರಡಕ್ಕೂ ಮದ್ದು ಬೇರೆ ಬೇರೆ.

ಥಂಡಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸಿಮೆಂಟ್ ನೆಲದ ಮೇಲೆ ಹರಡಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆ ಎತ್ತಿದಾಗ ಅಡಿಯಲ್ಲಿ ನೀರು ಕೂತಿದ್ದರೆ, ಅಥವಾ ನೆಲ ಕಪ್ಪಗೆ ಒದ್ದೆಯಾಗಿದ್ದರೆ ನೀರು ಮಣ್ಣಿನಿಂದ ಮೇಲಕ್ಕೆ ಹೀರಿ ಬರುತ್ತಿದೆ. ಹಾಳೆಯ ಮೇಲ್ಮೈ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ. ನೆಲದಿಂದ ಬರುವ ನೀರಿಗೆ ಯಾವ ಹೀಟರ್ ಹಾಕಿದರೂ ಬಿಲ್ಲು ಬರುತ್ತದೆಯೇ ಹೊರತು ನೆಲ ಒಣಗುವುದಿಲ್ಲ. ಶೆಡ್ಡಿನ ಸುತ್ತ ಚರಂಡಿ ತೋಡಿಸಿ, ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೋಣಿ ಹಾಕಿಸಿ. ಮೇಲ್ಗಡೆಯ ಧರೆಯಿಂದ, ಅಂದರೆ ಕಡಿದ ಮಣ್ಣಿನ ದಿಬ್ಬದಿಂದ, ಇಳಿಯುವ ನೀರನ್ನು ಬೇರೆ ಕಡೆ ತಿರುಗಿಸಿ. ನಮ್ಮ ಇಳಿಜಾರಿನ ಜಾಗಗಳಲ್ಲಿ ಅರ್ಧ ಥಂಡಿ ಬರುವುದೇ ಈ ಧರೆಯ ಕಡೆಯಿಂದ.

ಹೀಟರಿಗೆ ಮೊದಲು ಸೂರು

ಈ ಭಾಗವನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ದುಡ್ಡು ಉಳಿಯುವುದು ಇಲ್ಲಿಯೇ.

ಶೆಡ್ಡು ಎಷ್ಟು ಬಿಸಿ ಕಳೆದುಕೊಳ್ಳುತ್ತದೆ ಎಂದು ಅಡಿ ಲೆಕ್ಕದಲ್ಲೇ ಅಂದಾಜು ಮಾಡಬಹುದು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಬರೀ ತಗಡಿನ ಶೀಟು ಚದರ ಅಡಿಗೆ ಸುಮಾರು 0.65 ವಾಟ್ ಬಿಟ್ಟುಕೊಡುತ್ತದೆ. ಶಟರ್ ಹತ್ತಿರ ಹತ್ತಿರ 0.6. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಸುಮಾರು 0.2. ಎರಡು ಇಂಚು ಥರ್ಮೋಕೋಲ್ ಹಾಕಿದ ಒಳಸೂರು ಬರೀ 0.06, ಅಂದರೆ ತಗಡಿನ ಹತ್ತರಲ್ಲೊಂದು ಪಾಲು.

ನಮ್ಮ ಶೆಡ್ಡು 20 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಹೊರಗಿಗಿಂತ 8 ಡಿಗ್ರಿ ಹೆಚ್ಚು ಬೇಕು ಎಂದುಕೊಳ್ಳಿ. ಇಳಿಜಾರು ಸೇರಿ ಶೀಟು 260 ಚದರ ಅಡಿ: 260ನ್ನು 8ರಿಂದ, ಆಮೇಲೆ 0.65ರಿಂದ ಗುಣಿಸಿದರೆ 1,350 ವಾಟ್. ಶಟರ್ ಬಿಟ್ಟು ಗೋಡೆ 560 ಚದರ ಅಡಿ: ಸುಮಾರು 900 ವಾಟ್. 80 ಚದರ ಅಡಿಯ ಶಟರ್: 380 ವಾಟ್. ಸಂದಿಗಳಲ್ಲಿ ಗಂಟೆಗೆ ಎರಡು ಸಲ ಒಳಗಿನ ಗಾಳಿ ಬದಲಾಗುತ್ತದೆ ಎಂದರೆ ಅದಕ್ಕೆ ಇನ್ನೊಂದು 360. ಎಲ್ಲ ಸೇರಿ ಹತ್ತಿರ ಹತ್ತಿರ 3,000 ವಾಟ್. ಅದರಲ್ಲಿ ಅರ್ಧದ ಸಮೀಪ ಸೂರೊಂದರಿಂದಲೇ ಹೋಗುತ್ತಿದೆ ನೋಡಿ. ಅದೇ ಶೆಡ್ಡಿಗೆ ಥರ್ಮೋಕೋಲಿನ ಒಳಸೂರು ಹೊಡೆಸಿದರೆ ಸೂರಿನ ಪಾಲು 1,350ರಿಂದ 115 ವಾಟ್‌ಗೆ ಇಳಿಯುತ್ತದೆ, ಒಟ್ಟು ಬೇಡಿಕೆ 1,750ರ ಆಸುಪಾಸಿಗೆ. ಶಟರಿನ ಒಳಗಡೆ ದಪ್ಪ ಟಾರ್ಪಾಲಿನ ಪರದೆ ಇಳಿಬಿಟ್ಟು, ಶೀಟಿಗೂ ಗೋಡೆಗೂ ನಡುವಿನ ಸಂದಿ ಮುಚ್ಚಿದರೆ 1,500. ಅರ್ಧಕ್ಕರ್ಧ ಹೀಟರ್ ಉಳಿಯಿತು, ಅದೂ ಪ್ರತಿ ವರ್ಷ.

ಒಳಸೂರಿನಿಂದ ಇನ್ನೊಂದು ಲಾಭ: ಬಿಸಿಯಾದ ತೇವದ ಗಾಳಿ ತಣ್ಣನೆ ತಗಡಿಗೆ ತಾಗುವುದು ನಿಲ್ಲುತ್ತದೆ, ಶೀಟು ಬೆವರುವುದೂ ನಿಲ್ಲುತ್ತದೆ. ಥರ್ಮೋಕೋಲ್ ತುಂಡುಗಳ ನಡುವಿನ ಸಂದಿಗಳಿಗೆ ಟೇಪ್ ಹಚ್ಚಿ, ಒಳಬದಿಗೆ ಪ್ಲಾಸ್ಟಿಕ್ ಹಾಳೆ ಕೊಡಿ. ಇಲ್ಲದಿದ್ದರೆ ಆವಿ ಸಂದಿಯಲ್ಲಿ ಮೇಲೆ ಹೋಗಿ ಮತ್ತೆ ಅಲ್ಲೇ ಹನಿಯುತ್ತದೆ. ಥರ್ಮೋಕೋಲ್ ಬೇಗ ಬೆಂಕಿ ಹಿಡಿಯುವ ವಸ್ತು, ಉರಿದರೆ ವಿಷದ ಕಪ್ಪು ಹೊಗೆ. ಅದನ್ನು ಬರಿದೇ ಬಿಡಬೇಡಿ. ಕೆಳಗೆ ಜಿಪ್ಸಮ್ ಬೋರ್ಡೋ ಸಿಮೆಂಟ್ ಬೋರ್ಡೋ ಕೊಟ್ಟು ಮುಚ್ಚಲೇಬೇಕು. ಮುಚ್ಚಿದರೆ ಇಲಿ ಕಡಿಯುವುದೂ ಕಡಿಮೆ. ಹೊಸದಾಗಿ ಶೆಡ್ಡು ಕಟ್ಟುವವರಾದರೆ ಮಧ್ಯೆ ಫೋಮ್ ಇರುವ ಎರಡು ಪದರದ ಪಫ್ ಪ್ಯಾನೆಲ್ ಅನ್ನೇ ಸೂರಿಗೆ ಹಾಕಿಸಿ. ಮೊದಲಿಗೆ ದುಬಾರಿ ಅನ್ನಿಸಿದರೂ ಒಳಸೂರಿನ ಕೆಲಸ ಉಳಿಯುತ್ತದೆ.

ಮಂಗಳೂರು ಹಂಚಿನ ಹಳೇ ಶೆಡ್ಡು ಇರುವವರ ವಿಷಯ ಬೇರೆ. ಹಂಚಿನ ಸಂದಿಯಲ್ಲಿ ಗಾಳಿ ಎಷ್ಟು ಓಡಾಡುತ್ತದೆ ಎಂದರೆ ಇಡೀ ಕೋಣೆ ಬಿಸಿ ಮಾಡುವ ಆಸೆಯನ್ನೇ ಬಿಡಬೇಕು. ಅವರು ಕೆಲಸ ಮಾಡುವ ಜಾಗಕ್ಕೆ ಮಾತ್ರ ಬಿಸಿ ಕೊಟ್ಟುಕೊಳ್ಳುವುದು ಸರಿ.

ಬಿಸಿಯಿಂದ ತೇವ ಇಳಿಯುವ ಲೆಕ್ಕ

20 ಡಿಗ್ರಿಯಲ್ಲಿ ಶೇಕಡಾ 95 ತೇವ ಇರುವ ಗಾಳಿಯನ್ನು, ಹೊಸದಾಗಿ ನೀರು ಸೇರಿಸದೆ, 25 ಡಿಗ್ರಿಗೆ ಏರಿಸಿದರೆ ತೇವ ಶೇಕಡಾ 70ಕ್ಕೆ ಇಳಿಯುತ್ತದೆ. ನೀರು ಎಲ್ಲೂ ಹೋಗಿಲ್ಲ, ಗಾಳಿಗೆ ಹಿಡಿದುಕೊಳ್ಳುವ ಶಕ್ತಿ ಹೆಚ್ಚಾಗಿದೆ. ಹೀಟರ್ ಆರಿಸಿದ ಮೇಲೆ ತಣ್ಣಗಾದರೆ ಅದೇ ನೀರು ಉಳಿಯ ಅಲಗಿನ ಮೇಲೆ, ಬ್ಯಾಟರಿಯ ಟರ್ಮಿನಲ್ ಮೇಲೆ ಮರಳಿ ಕೂರುತ್ತದೆ. ಆದ್ದರಿಂದ ಥಂಡಿಗೆ ಮದ್ದಾಗಿ ಬಿಸಿಯನ್ನು ನಂಬುವುದಾದರೆ ಸ್ವಲ್ಪವೇ ಬಿಸಿ, ಆದರೆ ಯಾವ ಹೊತ್ತೂ ನಿಲ್ಲದೆ ಇರಬೇಕು. ರಾತ್ರಿ ಎರಡು ಗಂಟೆ ಜೋರಾಗಿ ಕಾಯಿಸಿ ಆರಿಸಿಬಿಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ.

ಹಿಂದಿನವರು ಇದನ್ನು ತಿಳಿದೇ ಬೀರುವಿನೊಳಗೆ 40 ವಾಟ್‌ನ ಬಲ್ಬು ಇಡೀ ಮಳೆಗಾಲ ಉರಿಸುತ್ತಿದ್ದರು, ರೇಷ್ಮೆ ಸೀರೆಗೆ ಬೂಷ್ಟು ಬರದಂತೆ. ಶೆಡ್ಡಿಗೂ ಅದೇ ಬುದ್ಧಿ ಬಳಸಬಹುದು. ಹಾಳಾಗುವಂಥ ವಸ್ತುಗಳನ್ನೆಲ್ಲ, ಅಂದರೆ ಡ್ರಿಲ್, ಉಳಿ, ವೀಡ್ ಕಟರಿನ ಬ್ಲೇಡು, ಅಳತೆಯ ಉಪಕರಣ, ಇವನ್ನು ಬಾಗಿಲು ಗಟ್ಟಿಯಾಗಿ ಮುಚ್ಚುವ ಒಂದು ಕಬ್ಬಿಣದ ಬೀರುವಿಗೆ ಸೇರಿಸಿ, ತಳದಲ್ಲಿ ಜಾಲರಿಯೊಳಗೆ ಒಂದು ಹಳೇ ಮಾದರಿಯ ತಂತಿ ಬಲ್ಬು ಇಡಿ. 40 ವಾಟ್ ದಿನಪೂರ್ತಿ ಉರಿದರೂ ಒಂದು ಯೂನಿಟ್ ಆಗುವುದಿಲ್ಲ. ಎಲ್‌ಇಡಿ ಬಲ್ಬು ಇದಕ್ಕೆ ಪ್ರಯೋಜನಕ್ಕಿಲ್ಲ, ಅದರಲ್ಲಿ ಸಾಕಷ್ಟು ಬಿಸಿ ಇರುವುದಿಲ್ಲ. ಎಷ್ಟೋ ಜನರಿಗೆ ಇಷ್ಟು ಸಾಕು, ಶೆಡ್ಡಿಗೆ ಹೀಟರೇ ಬೇಡ.

ಯಾರಿಗೆ ಯಾವುದು

ಇಡೀ ಶೆಡ್ಡು ಒಣಗಿರಬೇಕು, ನೀವು ಒಳಗೆ ಕೂರುವುದು ಕಡಿಮೆ ಎನ್ನುವವರಿಗೆ ಡಿಹ್ಯುಮಿಡಿಫೈಯರ್. ಫ್ರಿಜ್ಜಿನ ಹಾಗೆ ಕಂಪ್ರೆಸರ್ ಇರುವ ಪೆಟ್ಟಿಗೆ ಇದು. ಗಾಳಿಯನ್ನು ತಣ್ಣನೆ ಕೊಳವೆಗಳ ಮೇಲೆ ಹಾಯಿಸಿ ನೀರನ್ನು ಇಳಿಸಿಕೊಂಡು ತೊಟ್ಟಿಗೆ ಬಿಡುತ್ತದೆ. ಆವಿ ನೀರಾಗುವಾಗ ಲೀಟರಿಗೆ 0.7 ಯೂನಿಟ್‌ನಷ್ಟು ಬಿಸಿ ಬಿಟ್ಟುಕೊಡುತ್ತದೆ, ಯಂತ್ರ ತಿಂದ ಕರೆಂಟೂ ಬಿಸಿಯಾಗಿಯೇ ಹೊರಬರುತ್ತದೆ. ಹಾಗಾಗಿ ಶೆಡ್ಡು ಒಣಗುವುದರ ಜೊತೆಗೆ ಒಂದೆರಡು ಡಿಗ್ರಿ ಬೆಚ್ಚಗೂ ಆಗುತ್ತದೆ. 300 ವಾಟ್‌ನ ಯಂತ್ರ ದಿನಕ್ಕೆ ಎಂಟು ಗಂಟೆ ಓಡಿದರೆ ತಿಂಗಳಿಗೆ 72 ಯೂನಿಟ್. ಕೊಳ್ಳುವಾಗ ಒಂದು ಎಚ್ಚರ: ಪೆಟ್ಟಿಗೆಯ ಮೇಲೆ ಬರೆದ "ದಿನಕ್ಕೆ ಇಷ್ಟು ಲೀಟರ್" ಸಾಮಾನ್ಯವಾಗಿ 30 ಡಿಗ್ರಿ, ಶೇಕಡಾ 80 ತೇವದಲ್ಲಿ ಅಳೆದದ್ದು. ನಮ್ಮ 20 ಡಿಗ್ರಿಯಲ್ಲಿ ಅಷ್ಟು ಇಳಿಯುವುದಿಲ್ಲ. ಬೇಕು ಅನ್ನಿಸಿದ್ದಕ್ಕಿಂತ ಒಂದು ಅಳತೆ ದೊಡ್ಡದನ್ನೇ ತೆಗೆದುಕೊಳ್ಳಿ, ತೊಟ್ಟಿಯಿಂದ ಹೊರಕ್ಕೆ ಪೈಪ್ ಹಾಕುವ ಅನುಕೂಲ ಇರುವುದನ್ನು ನೋಡಿ. ದಿನಾ ತೊಟ್ಟಿ ಎತ್ತಿ ಚೆಲ್ಲುವ ಉತ್ಸಾಹ ಹದಿನೈದು ದಿನಕ್ಕೆ ಮುಗಿಯುತ್ತದೆ.

ದಿನಕ್ಕೆ ಒಂದೆರಡು ಗಂಟೆ ಮೇಜಿನ ಮುಂದೆ ನಿಂತು ಕೆಲಸ ಮಾಡುವವರಿಗೆ ಇನ್‌ಫ್ರಾರೆಡ್ ಹೀಟರ್, ಅಂದರೆ ರಾಡ್, ಕ್ವಾರ್ಟ್ಜ್, ಕಾರ್ಬನ್ ಎಂದು ಮಾರುವ ಬಗೆ. ಇದು ಗಾಳಿಯನ್ನಲ್ಲ, ಎದುರಿಗಿರುವ ಮೈಯನ್ನು ಕಾಯಿಸುತ್ತದೆ, ಚಳಿಗಾಲದ ಎಳೆ ಬಿಸಿಲಿಗೆ ಬೆನ್ನು ಕೊಟ್ಟು ಕೂತ ಹಾಗೆ. ಶೆಡ್ಡು ಎಷ್ಟೇ ಸಂದಿ ಬಿಟ್ಟಿದ್ದರೂ ತೊಂದರೆಯಿಲ್ಲ, ಹಂಚಿನ ಶೆಡ್ಡಿಗೆ ನಾನು ಹೇಳುವುದು ಇದನ್ನೇ. 1,000 ವಾಟ್ ದಿನಕ್ಕೆ ಎರಡು ಗಂಟೆ ಎಂದರೆ ತಿಂಗಳಿಗೆ 60 ಯೂನಿಟ್. ನೆಲದ ಮೇಲೆ ಇಡುವುದಕ್ಕಿಂತ ಗೋಡೆಗೆ ಎತ್ತರದಲ್ಲಿ ಹಾಕುವಂಥದ್ದನ್ನು ಆರಿಸಿ. ಮರಗೆಲಸ ಮಾಡುವವರಾದರೆ ಕೆಂಪಗೆ ಕಾಯುವ ರಾಡಿನ ಹತ್ತಿರ ಮರದ ಹೊಟ್ಟು ಹಾರಬಾರದು, ಫ್ಯಾನ್ ಇರುವ ಹೀಟರಂತೂ ಬೇಡವೇ ಬೇಡ; ಅದು ಹೊಟ್ಟನ್ನು ತಾನಾಗಿಯೇ ಒಳಗೆಳೆದುಕೊಳ್ಳುತ್ತದೆ.

ಅಂಗಡಿಯಲ್ಲಿ ಆಯಿಲ್ ಹೀಟರ್ ತೋರಿಸಿ "ಇದಕ್ಕೆ ಕರೆಂಟು ಕಡಿಮೆ" ಎನ್ನುತ್ತಾರೆ. ಅದು ನಿಜವಲ್ಲ. ರಾಡ್, ಫ್ಯಾನ್, ಆಯಿಲ್ ಯಾವುದೇ ಇರಲಿ, ಒಂದು ಯೂನಿಟ್ ಕರೆಂಟಿಗೆ ಬರುವ ಬಿಸಿ ಒಂದೇ. ಆಯಿಲ್ ಹೀಟರಿನ ನಿಜವಾದ ಗುಣವೆಂದರೆ ಕೆಂಪಗೆ ಕಾಯುವ ಭಾಗ ಹೊರಗೆ ಕಾಣುವುದಿಲ್ಲ, ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ, ಥರ್ಮೋಸ್ಟಾಟ್ ಇಟ್ಟು ಕಡಿಮೆ ಬಿಸಿಯಲ್ಲಿ ತುಂಬ ಹೊತ್ತು ಬಿಡಬಹುದು. ಒಳಸೂರು ಹೊಡೆಸಿದ, ಸಂದಿ ಮುಚ್ಚಿದ ಶೆಡ್ಡಿಗೆ ಒಳ್ಳೆಯದು. ಶೀಟು ಬರಿದಾಗಿದ್ದರೆ ಇಡೀ ದಿನ ಉರಿದರೂ ಬೆಚ್ಚಗಾಗುವುದಿಲ್ಲ.

ದಿನಾ ನಾಲ್ಕೈದು ಗಂಟೆ ಶೆಡ್ಡಿನಲ್ಲೇ ಇರುವವರು, ಅಲ್ಲೇ ಹೊಲಿಗೆ, ರಿಪೇರಿ, ಕೆತ್ತನೆಯ ಕೆಲಸ ಮಾಡಿ ಸಂಪಾದಿಸುವವರು, ಹಾಟ್ ಅಂಡ್ ಕೋಲ್ಡ್ ಇನ್ವರ್ಟರ್ ಎಸಿಯನ್ನು ಯೋಚಿಸಬೇಕು. ನಮ್ಮೂರಿಗೆ ಎಸಿಯೇ ಎಂದು ನಗುವವರಿದ್ದಾರೆ. ಆದರೆ ಅದು ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಒಳಗೆ ಎತ್ತಿ ಹಾಕುತ್ತದೆ. ಹೊರಗೆ 12-15 ಡಿಗ್ರಿ ಇದ್ದಾಗ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ಗೂ ಹೆಚ್ಚು ಬಿಸಿ ಕೊಡುವ ಶಕ್ತಿ ಅದಕ್ಕಿದೆ. ಹಿಮದ ಊರುಗಳಲ್ಲಿ ಇದು ತಿಣುಕುತ್ತದೆ, ನಮ್ಮ ಹವೆಯಲ್ಲಿ ಹಾಯಾಗಿ ಓಡುತ್ತದೆ. ಮೇಲಿನ ಲೆಕ್ಕದ 1,500 ವಾಟ್ ಬಿಸಿಗೆ ಕರೆಂಟು 500 ವಾಟ್ ಸಾಕು, ಮಳೆಗಾಲದಲ್ಲಿ ಅದರ ಡ್ರೈ ಮೋಡ್ ತೇವವನ್ನೂ ತೆಗೆಯುತ್ತದೆ. ಬರೀ ತಂಪು ಮಾಡುವ ಎಸಿಯಲ್ಲಿ ಬಿಸಿ ಬರುವುದಿಲ್ಲ, ಕೇಳಿ ತೆಗೆದುಕೊಳ್ಳಿ.

ಕರೆಂಟಿನ ಕೆಲಸ

ಮನೆಯಿಂದ ಶೆಡ್ಡಿಗೆ ಎಲ್ಲರೂ ಎಳೆದಿರುವುದು ಒಂದು ಲೈಟು, ಒಂದು ಪ್ಲಗ್ಗಿಗೆ ಸಾಕಾಗುವ ತೆಳು ವೈರು. ಅದಕ್ಕೆ 2,000 ವಾಟ್‌ನ ಹೀಟರ್ ಸಿಕ್ಕಿಸಿದರೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಹರಿಯುತ್ತದೆ. ಸಾಮಾನ್ಯ ಸಾಕೆಟ್ ತಡೆಯುವುದು 6 ಆಂಪಿಯರ್. ನಮ್ಮಲ್ಲಿ ಒಂದು ಸಂಜೆ ಪ್ಲಗ್ ಕೀಳಲು ಹೋದರೆ ಬರಲೇ ಇಲ್ಲ. ಒಳಗೆ ಪ್ಲಾಸ್ಟಿಕ್ ಕರಗಿ ಪಿನ್ನಿಗೆ ಬೆಲ್ಲದ ಪಾಕದ ಹಾಗೆ ಅಂಟಿತ್ತು. ಎಲೆಕ್ಟ್ರಿಷಿಯನ್ ಹುಡುಗ ಬಂದು ನೋಡಿ, "ಅಣ್ಣ, ಇನ್ನೊಂದು ಗಂಟೆ ಬಿಟ್ಟಿದ್ರೆ ಬೋರ್ಡೇ ಹತ್ಕೊಳ್ತಿತ್ತು" ಅಂದ.

ಅವನು ಮಾಡಿಕೊಟ್ಟದ್ದನ್ನೇ ಹೇಳುತ್ತೇನೆ, ಹೀಗೇ ಮಾಡಿಸಿ. ಮನೆಯ ಮೇನ್ ಬೋರ್ಡಿನಿಂದ ಶೆಡ್ಡಿಗೆ ಬೇರೆಯದೇ ಲೈನು, ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ವೈರು, ದೂರ ಮೂವತ್ತು ಮೀಟರ್ ಮೀರಿದರೆ 4. ಶೆಡ್ಡಿನಲ್ಲಿ ಸಣ್ಣ ಬೋರ್ಡು, ಅದರಲ್ಲಿ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು), ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ ಸ್ವಿಚ್ಚು). ಒದ್ದೆ ನೆಲದಲ್ಲಿ, ಒದ್ದೆ ಚಪ್ಪಲಿಯಲ್ಲಿ ನಿಂತು ಕೆಲಸ ಮಾಡುವ ಜಾಗವಾದ್ದರಿಂದ ಈ ಆರ್‌ಸಿಸಿಬಿ ಪ್ರಾಣ ಉಳಿಸುವ ವಸ್ತು, ಇದೊಂದರಲ್ಲಿ ಉಳಿತಾಯ ನೋಡಬೇಡಿ. ಹೀಟರಿಗೆ 16 ಆಂಪಿಯರಿನ ಸಾಕೆಟ್, ಸರಿಯಾದ ಅರ್ಥಿಂಗ್. ಎಕ್ಸ್‌ಟೆನ್ಷನ್ ಬಾಕ್ಸಿಗೆ ಹೀಟರ್ ಹಾಕುವಂತಿಲ್ಲ. ಹೀಟರಿನ ಮೇಲೆ ಐಎಸ್‌ಐ ಗುರುತು ಇರಲಿ.

ವೋಲ್ಟೇಜ್ ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಲೈನಿನ ಕೊನೆಯ ಮನೆಗಳಲ್ಲಿ ಸಂಜೆ 180 ವೋಲ್ಟ್‌ಗೆ ಇಳಿಯುವುದುಂಟು. ಹೀಟರಿನ ಬಿಸಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ 2,000 ವಾಟ್‌ನದು ಆಗ ಕೊಡುವುದು ಸುಮಾರು 1,200 ಮಾತ್ರ. ಹೀಟರ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋಗುವ ಮೊದಲು ವೋಲ್ಟೇಜ್ ನೋಡಿ. ಇನ್ವರ್ಟರಿನಲ್ಲಿ ಹೀಟರ್ ಓಡಿಸುವ ಯೋಚನೆಯೂ ಬೇಡ. 150 ಎಎಚ್ ಬ್ಯಾಟರಿಯಲ್ಲಿ ತುಂಬಿರುವುದೇ 1.8 ಯೂನಿಟ್.

ಬಿಲ್ಲು? 2,000 ವಾಟ್ ದಿನಕ್ಕೆ ನಾಲ್ಕು ಗಂಟೆ ಎಂದರೆ ತಿಂಗಳಿಗೆ 240 ಯೂನಿಟ್. ಗೃಹಜ್ಯೋತಿಯಲ್ಲಿ ಇರುವವರು ಇಲ್ಲಿ ನಿಂತು ಯೋಚಿಸಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು, ಹೆಚ್ಚಾದ ಯೂನಿಟ್‌ಗಳಿಗೆ ಮಾತ್ರವಲ್ಲ. ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲೇ ಇರುತ್ತದೆ. ಅದು ಒಂದೋ ಎರಡೋ ಕಿಲೋವಾಟ್ ಇದ್ದರೆ ಹೆಚ್ಚಿಸಿಕೊಳ್ಳಲು ಚಿಕ್ಕಮಗಳೂರಿನವರು ಮೆಸ್ಕಾಂ, ಹಾಸನದವರು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕಚೇರಿಯಲ್ಲಿ ಅರ್ಜಿ ಕೊಡಬೇಕು.

ಸೌದೆ ಒಲೆ ಹಾಕುವವರಿಗೆ

ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿದರೆ ಮೂರು ದಿನ, ನಾಲ್ಕು ದಿನ ಕರೆಂಟಿಲ್ಲ. ತೋಟದಲ್ಲಿ ಸಿಲ್ವರ್ ಓಕ್ ರೆಂಬೆ, ಕಸಿ ಮಾಡಿದ, ಅಂದರೆ ರೆಂಬೆ ಸವರಿದ, ಕಾಫಿ ಗಿಡದ ಕಡ್ಡಿ ರಾಶಿ ಬಿದ್ದಿರುತ್ತದೆ. ಸೌದೆ ಒಲೆಯ ಆಸೆ ಬರುವುದು ಸಹಜ, ನನಗೂ ಅದರ ಬಿಸಿ ಇಷ್ಟ. ಚೆನ್ನಾಗಿ ಒಣಗಿದ ಸೌದೆ ಕಿಲೋಗೆ ನಾಲ್ಕು ಯೂನಿಟ್ ಕರೆಂಟಿನಷ್ಟು ಶಾಖ ಇಟ್ಟುಕೊಂಡಿರುತ್ತದೆ. ಮುಚ್ಚಿದ ಒಳ್ಳೆಯ ಒಲೆಯಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಕೋಣೆಗೆ ಸಿಗುತ್ತದೆ, ಸುಡುವಾಗ ಹುಟ್ಟುವ ಆವಿಯೆಲ್ಲ ಹೊಗೆಕೊಳವೆಯಲ್ಲಿ ಹೊರಗೆ ಹೋಗುತ್ತದೆ.

ಆದರೆ ಎರಡು ಸಂದರ್ಭದಲ್ಲಿ ಸೌದೆ ಒಲೆ ಕೂಡದು. ಪೆಟ್ರೋಲ್ ಗಾಡಿಯೋ, ವೀಡ್ ಕಟರಿನ ಪೆಟ್ರೋಲ್ ಕ್ಯಾನೋ ಅದೇ ಶೆಡ್ಡಿನಲ್ಲಿದ್ದರೆ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ನೀರಿನ ಹಾಗೆ ಹರಿದು ಒಲೆಯ ಬಾಯಿಗೆ ಹೋಗುತ್ತದೆ. ಇದೇ ಕಾರಣಕ್ಕೆ ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಕರೆಂಟಿನ ಹೀಟರನ್ನೂ ಸ್ವಿಚ್ಚನ್ನೂ ನೆಲದಿಂದ ಒಂದೂವರೆ ಅಡಿಗೂ ಎತ್ತರದಲ್ಲೇ ಇಡಬೇಕು. ಎರಡನೆಯದು, ಶೆಡ್ಡಿನಲ್ಲಿ ಕಾಫಿ ಮೂಟೆ ಇಟ್ಟಿದ್ದರೆ. ಕಾಫಿ ಬೀಜ ಹೊಗೆಯ ವಾಸನೆಯನ್ನು ಬಲು ಬೇಗ ಹೀರುತ್ತದೆ, ಕಪ್ಪಿನಲ್ಲಿ ಆ ರುಚಿ ಹೋಗುವುದಿಲ್ಲ. ವರ್ಷದ ದುಡಿಮೆ ಅದು.

ಇವೆರಡೂ ಇಲ್ಲದಿದ್ದರೆ ಹಾಕಿಸಿ. ಒಲೆಯನ್ನು ವೆಲ್ಡಿಂಗ್ ಶಾಪಿನಲ್ಲಿ ದಪ್ಪ ತಗಡಿನಿಂದ ಮಾಡಿಸುತ್ತಾರೆ. ಜಿಐ ತಗಡು ಬೇಡ, ಕಾದಾಗ ಅದರ ಸತುವಿನ ಲೇಪ ಸುಟ್ಟು ಕೆಟ್ಟ ಹೊಗೆ ಬರುತ್ತದೆ. ಕೊಳವೆಗೂ ಅಷ್ಟೆ, ಎಂಎಸ್ (ಲೇಪವಿಲ್ಲದ ಸಾದಾ ಉಕ್ಕು) ಅಥವಾ ಸ್ಟೀಲಿನದು. ಕೊಳವೆ ಆರು ಇಂಚು ಅಗಲ, ಆದಷ್ಟೂ ನೇರ, ಸೂರಿನಿಂದ ಮೂರು ಅಡಿ ಮೇಲೆ ಮತ್ತು ಸುತ್ತ ಹತ್ತಡಿಯೊಳಗೆ ಇರುವ ಎಲ್ಲಕ್ಕಿಂತ ಎರಡಡಿ ಎತ್ತರ ಇರಬೇಕು. ಇಲ್ಲದಿದ್ದರೆ ಗಾಳಿ ಬೀಸಿದಾಗ ಹೊಗೆ ವಾಪಸ್ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿಗಳಿಗೆ ಕೊಟ್ಟ ಅಸ್ತ್ರ ಒಲೆಯನ್ನು ನೋಡಿದವರಿಗೆ ಕೊಳವೆಯ ಮಹಿಮೆ ಹೇಳಬೇಕಿಲ್ಲ. ಸೂರನ್ನು ದಾಟುವ ಕಡೆ ಕೊಳವೆಗೂ ಮರದ ಪಕಾಸಿಗೂ ಒಂದೂವರೆ ಅಡಿ ಅಂತರ ಕೊಡಿ, ಥರ್ಮೋಕೋಲನ್ನು ಅಲ್ಲಿಂದ ಇನ್ನೂ ದೂರ ಕತ್ತರಿಸಿ. ಒಲೆಯ ಕೆಳಗೆ ಇಟ್ಟಿಗೆಯೋ ಕಲ್ಲು ಚಪ್ಪಡಿಯೋ. ಸೌದೆ ಒಡೆದು ಮಳೆ ತಾಗದಂತೆ ಒಂದು ಬೇಸಿಗೆ ಪೂರ್ತಿ ಒಣಗಿರಬೇಕು. ಹಸಿ ಸೌದೆಯ ಶಾಖ ಅದರ ನೀರನ್ನು ಆರಿಸುವುದಕ್ಕೇ ಹೋಗುತ್ತದೆ, ಕೊಳವೆಯೊಳಗೆ ಟಾರಿನಂಥ ಇಲ್ಲಣ ಕಟ್ಟಿ ಒಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ಪ್ರತಿ ವರ್ಷ ಮಳೆಗೆ ಮೊದಲು ಕೊಳವೆ ಬಿಚ್ಚಿ ಕೆರೆಯಿರಿ.

ಅಗ್ಗಿಷ್ಟಿಕೆ, ಇದ್ದಿಲಿನ ಬಾಂಡ್ಲಿ, ಕೊಳವೆಯಿಲ್ಲದ ಗ್ಯಾಸ್ ಹೀಟರ್ ಇವನ್ನು ಮುಚ್ಚಿದ ಶೆಡ್ಡಿನೊಳಗೆ ತರಬೇಡಿ. ನಮ್ಮಜ್ಜಿ ಜೀವನವಿಡೀ ಕೆಂಡದ ಮುಂದೆ ಚಳಿ ಕಾಯಿಸಿದರು, ಏನೂ ಆಗಲಿಲ್ಲ ಎಂಬ ಮಾತು ಎಲ್ಲ ಮನೆಯಲ್ಲೂ ಇದೆ. ಅಜ್ಜಿಯ ಮನೆಗೆ ಹಂಚು ಇತ್ತು, ಸಂದಿ ಇತ್ತು, ಬೆಳಕಿಂಡಿ ಇತ್ತು. ನಾವು ಕಟ್ಟಿರುವುದು ಸುತ್ತ ಗಾರೆ ಮಾಡಿ, ಮೇಲೆ ಒಳಸೂರು ಹೊಡೆದು, ಶಟರ್ ಇಳಿಸಿದ ಪೆಟ್ಟಿಗೆ. ಹೊಗೆಯಿಲ್ಲದ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಇರುವುದಿಲ್ಲ. ಮಳೆಯ ದಿನಗಳಲ್ಲಿ ಶೆಡ್ಡಿನಲ್ಲಿ ಮಲಗುವ ಕೆಲಸದವರು, ಕಾವಲಿನವರು ಇದ್ದರೆ ಅವರಿಗೆ ಇದನ್ನು ಕೂರಿಸಿಕೊಂಡು ಹೇಳಿ, ಒಂದು ಒಳ್ಳೆಯ ಕಂಬಳಿಯನ್ನೂ ಕೊಡಿ. ಸೌದೆ ಒಲೆ ಹಾಕಿಸಿದವರು ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ತರಿಸಿ ಎದೆಯ ಎತ್ತರಕ್ಕೆ ತೂಗುಹಾಕಿ, ಗೋಡೆಯಲ್ಲಿ ಅಂಗೈಯಗಲದ ಒಂದು ಗಾಳಿಕಿಂಡಿಯನ್ನು ಯಾವತ್ತೂ ಮುಚ್ಚದಂತೆ ಬಿಡಿ.

ಹಾಕಿಸಿದ ಮೇಲೆ ಮೊದಲ ವಾರ

ನಮ್ಮಲ್ಲಿ ಕೊನೆಗೆ ಉಳಿದದ್ದು ಒಳಸೂರು, ಒಂದು ಡಿಹ್ಯುಮಿಡಿಫೈಯರ್, ಮೇಜಿನ ಮೇಲೆ ಗೋಡೆಗೆ ಒಂದು ಸಾವಿರ ವಾಟ್‌ನ ಇನ್‌ಫ್ರಾರೆಡ್. ಮೊದಲ ವಾರ ಮೀಟರಿನ ಅಂಕಿಯನ್ನು ಮತ್ತೆ ಬೆಳಿಗ್ಗೆ ಸಂಜೆ ಬರೆದೆ. ತೇವ 91ರಿಂದ ನಾಲ್ಕನೇ ದಿನಕ್ಕೆ 64ಕ್ಕೆ ಬಂತು, ಅಲ್ಲಿಂದ ಇಳಿಯಲು ಇನ್ನೂ ಹತ್ತು ದಿನ ಹಿಡಿಯಿತು. ಗೋಡೆ, ಮರ, ಗೋಣಿಚೀಲ ಎಲ್ಲ ಹೀರಿಕೊಂಡಿದ್ದ ನೀರು ಹೊರಬರಬೇಕಲ್ಲ. ಆ ಹತ್ತು ದಿನದಲ್ಲಿ ಯಂತ್ರ ಸಣ್ಣದಾಯಿತು ಎಂದು ಬದಲಾಯಿಸಲು ಹೊರಡಬೇಡಿ.

ಒದ್ದೆ ಜೀಪನ್ನು ನೇರ ಒಳಗೆ ತರುವ ಅಭ್ಯಾಸವನ್ನು ನಾವು ಬಿಟ್ಟೆವು, ಮುಂದಿನ ಚಪ್ಪರದಲ್ಲಿ ಅರ್ಧ ಗಂಟೆ ಸೋರಲು ಬಿಟ್ಟು ಆಮೇಲೆ ಒಳಗೆ. ಮಳೆ ಹೊಳವಾಗಿ ಬಿಸಿಲು ಬಿದ್ದ ಮಧ್ಯಾಹ್ನ ಹೊರಗಿನ ತೇವ ಒಳಗಿನದಕ್ಕಿಂತ ಕಡಿಮೆ ಇದೆಯೇ ಎಂದು ಮೀಟರನ್ನು ಹೊರಗೆ ಒಯ್ದು ನೋಡಿ, ಕಡಿಮೆ ಇದ್ದರೆ ಮಾತ್ರ ಶಟರ್ ಪೂರ್ತಿ ಎತ್ತಿ. ಮೂಟೆಗಳನ್ನು ಗೋಡೆಯಿಂದ ಒಂದಡಿ ಈಚೆಗೆ, ಹಲಗೆಯ ಮೇಲೆ ಇಡಿ. ಡಿಹ್ಯುಮಿಡಿಫೈಯರಿನ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾದಾಗ ಶೆಡ್ಡಿನ ಬೋರ್ಡನ್ನು ಮೇನ್‌ನಲ್ಲೇ ಆರಿಸಿ ಪ್ಲಗ್ಗುಗಳನ್ನು ಕಿತ್ತಿಡಿ.